ವಾರ್ಡ್ ಚುನಾವಣೆಗೆ ನಿಂತ ಹೆಂಗಸರ ಮೇಲೆ ಕೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರ, ಶಿರಸಿ, ದಾಂಡೇಲಿಯ ನಗರಸಭೆ ಇರಲಿ, ಕುಮಟಾ, ಅಂಕೋಲಾ, ಹಳಿಯಾಳದ ಪುರಸಭೆ ಇರಲಿ, ಚುನಾವಣೆ ಹತ್ತಿರ ಬಂದಾಗೆಲ್ಲ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಕೇಳುವವರು ನಿಲ್ಲಬೇಕು ಅಂತ ಯೋಚಿಸುತ್ತಿರುವ ಹೆಂಗಸರು, ಅವರ ಗಂಡಂದಿರು, ಅತ್ತೆಯಂದಿರು, ಚೀಟಿ ಹಂಚೋಕೆ ಹೋಗುವ ಹುಡುಗರು. ಕೆಲವರು ಫೋನಿನಲ್ಲಿ ಕೇಳಿದ್ದಾರೆ, ಕೆಲವರು ಪತ್ರ ಬರೆದಿದ್ದಾರೆ. ಜಾಸ್ತಿ ಜನ ಎದುರಿಗೆ ಕೂತು, ದನಿ ತಗ್ಗಿಸಿ ಕೇಳಿದ್ದಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲು ಕೇಳುವವು

"ಅರ್ಧ ಸೀಟು ಹೆಂಗಸರಿಗೇ ಇಟ್ಟಿದಾರೆ. ಇನ್ನೂ ಏನು ತೊಂದರೆ?"

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರಸಭೆ ಪುರಸಭೆಗಳಲ್ಲಿ ಮೂರರಲ್ಲಿ ಒಂದು ಸೀಟನ್ನಾದರೂ ಹೆಂಗಸರಿಗೆ ಇಡಬೇಕು ಅಂದಿತು. ಕರ್ನಾಟಕ ಅದನ್ನು ಶೇ. 50ರವರೆಗೆ ಏರಿಸಿತು. ಕಾರವಾರದಲ್ಲೂ ಶಿರಸಿಯಲ್ಲೂ 31 ವಾರ್ಡುಗಳಿವೆ. ಅಂದರೆ ಸಭೆಯಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹೆಂಗಸರೇ.

ಸೀಟೇನೋ ಕಾಯ್ದೆಯಿಂದ ಬಂತು. ನಾಮಪತ್ರ ಹಾಕಿದ ದಿನದಿಂದ ಮತ ಎಣಿಕೆಯವರೆಗೆ ಊರು ಆಕೆಯನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನೋದು ಮೀಸಲಾತಿ ಪಟ್ಟಿಯಲ್ಲಿ ಇರುವುದಿಲ್ಲ. ಮೀಸಲು ವಾರ್ಡಿನಲ್ಲಿ ಎದುರಾಳಿಯೂ ಹೆಂಗಸೇ ಆದ್ದರಿಂದ ಕೆಸರೆರಚಾಟವನ್ನು 'ಹೆಂಗಸರ ಜಗಳ' ಅಂತ ಊರು ತಳ್ಳಿಹಾಕಿಬಿಡುತ್ತದೆ. ಕರಪತ್ರ ಬರೆಸಿದವರು, ಗ್ರೂಪಿಗೆ ಹಾಕಿಸಿದವರು ಹಿಂದೆ ಬೇರೆಯೇ ಇರುತ್ತಾರೆ. ಹಿಂದಿನ ಸಲ ಅಲ್ಲಿ ಗೆದ್ದು, ಈ ಸಲ ಮೀಸಲಾತಿಯಿಂದ ವಾರ್ಡು ಕೈತಪ್ಪಿದ ಗಂಡಸು ಎಷ್ಟೋ ಕಡೆ ಅವರಲ್ಲಿ ಒಬ್ಬ.

ಇನ್ನೊಂದು ಮಾತು. 'ಸಾಮಾನ್ಯ' ಅಂತ ಬರೆದ ವಾರ್ಡು ಗಂಡಸರ ವಾರ್ಡಲ್ಲ. ಅಲ್ಲೂ ಹೆಂಗಸರು ನಿಲ್ಲಬಹುದು. 21 ವರ್ಷ ತುಂಬಿದರೆ ಸಾಕು. ಅಂಥ ಕಡೆ ನಿಂತವರಿಗೆ 'ನಿಮಗೆ ಬೇರೆ ಸೀಟು ಇದೆಯಲ್ಲ, ಇಲ್ಲಿ ಯಾಕೆ ಬಂದ್ರಿ' ಅನ್ನುವ ಮಾತು ಮೊದಲ ದಿನವೇ ಕೇಳಿಬರುತ್ತದೆ.

"ರಾಜಕೀಯ ಅಂದ್ಮೇಲೆ ಬೈಗುಳ ಇದ್ದಿದ್ದೇ. ಗಂಡಸರಿಗೂ ಬೈತಾರಲ್ವಾ?"

ಬೈಯುತ್ತಾರೆ. ಆದರೆ ಏನಂತ ಬೈಯುತ್ತಾರೆ ನೋಡಿ. ಗಂಡಸಿಗೆ 'ಚರಂಡಿ ಟೆಂಡರಿನಲ್ಲಿ ದುಡ್ಡು ತಿಂದ' ಅನ್ನುತ್ತಾರೆ. ಹೆಂಗಸಿಗೆ 'ರಾತ್ರಿ ಎಷ್ಟು ಗಂಟೆಗೆ ಮನೆಗೆ ಬಂದಳು, ಯಾರ ಕಾರಲ್ಲಿ ಬಂದಳು' ಅನ್ನುತ್ತಾರೆ. ಮೊದಲನೆಯದಕ್ಕೆ ಲೆಕ್ಕ ತೋರಿಸಿ ಉತ್ತರ ಕೊಡಬಹುದು. ಎರಡನೆಯದಕ್ಕೆ ಏನು ತೋರಿಸಿದರೂ ಉತ್ತರ ಆಗುವುದಿಲ್ಲ. ಉತ್ತರ ಸಿಗಬಾರದು ಅಂತಲೇ ಆ ಪ್ರಶ್ನೆ ಎತ್ತುವುದು. ಅಷ್ಟು ಹೊತ್ತು ನೀರಿನ ಮಾತು, ಕಸದ ಮಾತು, ದಾರಿದೀಪದ ಮಾತು ನಿಂತೇಹೋಗುತ್ತದೆ.

ಕಾರವಾರದ ಕಡೆ ಹೆಂಗಸು ಸ್ವಲ್ಪ ಜೋರಾಗಿ ಮಾತಾಡಿದರೆ 'ಮೀನು ಪೇಟೆ ಬಾಯಿ' ಅನ್ನುವವರಿದ್ದಾರೆ. ಅಭ್ಯರ್ಥಿಯ ಬಾಯಿ ಮುಚ್ಚಿಸೋಕೆ ಆಡುವ ಆ ಮಾತು, ನಸುಕಿನಲ್ಲೇ ಎದ್ದು ಬುಟ್ಟಿ ಹೊತ್ತು ಊರಿಗೆಲ್ಲ ಮೀನು ತರುವ ಹೆಂಗಸರನ್ನೂ ಕೀಳು ಮಾಡುತ್ತದೆ. ಅವರ ಓಟು ಮಾತ್ರ ಎಲ್ಲರಿಗೂ ಬೇಕು.

ಇದು ನಮ್ಮೂರಿಗಷ್ಟೇ ಅಂಟಿದ್ದಲ್ಲ. 2019ರ ಲೋಕಸಭೆ ಚುನಾವಣೆ ಸಮಯದಲ್ಲಿ 95 ರಾಜಕಾರಣಿ ಮಹಿಳೆಯರಿಗೆ ಬಂದ ಟ್ವೀಟುಗಳನ್ನು ಆಮ್ನೆಸ್ಟಿ ಇಂಡಿಯಾ ಪರಿಶೀಲಿಸಿತ್ತು. ಅದರಲ್ಲಿ ಶೇ. 13.8ರಷ್ಟು ನಿಂದನೆಯವು ಅಥವಾ ಆ ಅಂಚಿನವು. ಏಳರಲ್ಲಿ ಒಂದು ಅಂದುಕೊಳ್ಳಿ.

"ಹಾಗಾದ್ರೆ ಹೆಂಗಸು ಅಂತ ಟೀಕೆನೇ ಮಾಡಬಾರದಾ?"

ಮಾಡಲೇಬೇಕು. ಐದು ವರ್ಷ ಮೆಂಬರ್ ಆಗಿದ್ದವರು ಎಷ್ಟು ಸಭೆಗೆ ಬಂದರು, ಏನು ಕೇಳಿದರು, ಯಾವ ಕಾಮಗಾರಿ ಅರ್ಧಕ್ಕೆ ನಿಂತಿದೆ, ಅಫಿಡವಿಟ್‌ನಲ್ಲಿ ಆಸ್ತಿ ಸರಿಯಾಗಿ ತೋರಿಸಿದ್ದಾರಾ, ಮನೆಯವರ ಹೆಸರಲ್ಲಿ ಗುತ್ತಿಗೆ ಹೋಗಿದೆಯಾ, ಎಲ್ಲವನ್ನೂ ಕೇಳಿ. ಜೋರಾಗಿಯೇ ಕೇಳಿ. ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯೇ ಗೆರೆ ಎಳೆದಿದೆ: ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ ಖಾಸಗಿ ಬದುಕಿನ ಟೀಕೆ ಕೂಡದು. ಗಂಡ ಬಿಟ್ಟವಳು, ಮಕ್ಕಳಿಲ್ಲದವಳು, ಬೇರೆ ಜಾತಿಯವನನ್ನು ಮದುವೆಯಾದವಳು ಅನ್ನೋದೆಲ್ಲ ಆ ಗೆರೆಯ ಆಚೆಯವು. ಗೊಂದಲ ಆದರೆ ಅದೇ ಮಾತನ್ನು ಗಂಡಸು ಅಭ್ಯರ್ಥಿಗೆ ಹಚ್ಚಿ ಹೇಳಿ ನೋಡಿ. ಅರ್ಥವೇ ಇಲ್ಲದ ಹಾಗೆ ಕೇಳಿಸಿದರೆ ಅದು ಟೀಕೆ ಅಲ್ಲ.

"ನಮ್ಮ ಜಿಲ್ಲೇಲಿ ಹೆಂಗಸರು ಇದಕ್ಕೆಲ್ಲ ಇಳಿದಿದ್ದು ಈಚೆಗೆ ತಾನೇ?"

ಅಲ್ಲ. ಬ್ರಿಟಿಷರಿಗೆ ಕಂದಾಯ ಕೊಡೆವು ಅಂದ ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಉಪವಾಸ ಕೂತವರು ಹೆಂಗಸರು. ಅಂಕೋಲೆಯ ಬಡಗೇರಿಯಲ್ಲಿ ಸಾರಾಯಿ ವಿರುದ್ಧ ನಿಂತ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಮಾರ್ಗರೆಟ್ ಆಳ್ವ 1999ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಹೋದರು. ಕುಮಟಾದಿಂದ ಶಾರದಾ ಶೆಟ್ಟಿ 2013ರಲ್ಲಿ, ಕಾರವಾರದಿಂದ ರೂಪಾಲಿ ನಾಯ್ಕ 2018ರಲ್ಲಿ ವಿಧಾನಸಭೆಗೆ ಗೆದ್ದರು. ಇವರ ಪಕ್ಷ ಬೇರೆ ಬೇರೆ. ಹೆಂಗಸರು ಇಲ್ಲಿ ಹೊಸಬರು ಅನ್ನೋ ಮಾತಿಗೆ ಆಧಾರ ಇಲ್ಲ.

## ಪ್ರಚಾರದ ದಿನಗಳಲ್ಲಿ

"ಮನೆ ಮನೆಗೆ ಹೋದ್ರೆ 'ನಿನ್ನ ಗಂಡನ್ನ ಕಳಿಸು, ಅವನ ಹತ್ರ ಮಾತಾಡ್ತೀನಿ' ಅಂತಾರೆ. ಏನು ಹೇಳ್ಲಿ?"

ಜಗಳ ಬೇಡ, ಜಾಗ ಬಿಟ್ಟೂ ಕೊಡಬೇಡಿ. 'ಅಣ್ಣಾ, ಬ್ಯಾಲೆಟ್ಟಲ್ಲಿ ಇರೋದು ನನ್ನ ಹೆಸರು. ನಳ್ಳಿ ನೀರು ಎರಡು ದಿನಕ್ಕೊಮ್ಮೆ ಬರ್ತಿದೆಯಾ, ಮೂರು ದಿನಕ್ಕಾ? ನನ್ನ ಹತ್ರಾನೇ ಹೇಳಿ, ಬರ್ಕೊಳ್ತೀನಿ' ಅನ್ನಿ. ಕೈಯಲ್ಲಿ ಪುಸ್ತಕ, ಪೆನ್ನು ಇರಲಿ. ಬರೆಯೋಕೆ ಶುರು ಮಾಡಿದ ಕೂಡಲೇ ಮಾತಿನ ದಾರಿ ಬದಲಾಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು. ಶಿರಸಿಯಲ್ಲಾದರೆ ಕೆಂಗ್ರೆಯಿಂದ, ಮಾರಿಗದ್ದೆಯಿಂದ ನೀರು ಹೇಗೆ ಬರುತ್ತದೆ, ಬೇಸಿಗೆಯಲ್ಲಿ ಎಲ್ಲಿ ಕಡಿಮೆ ಬೀಳುತ್ತದೆ ಅನ್ನೋದನ್ನು ಮೊದಲೇ ತಿಳಿದುಕೊಂಡು ಹೋಗಿ. ಕಾರವಾರದಲ್ಲಾದರೆ ಕೊಂಕಣಿಯಲ್ಲಿ ಮಾತಾಡೋಕೆ ಹಿಂಜರಿಯಬೇಡಿ.

ಗಂಡ ಜೊತೆಗೆ ಬರುವುದು ತಪ್ಪಲ್ಲ. ಮುಂದೆ ನಿಂತು ಅವರೇ ಮಾತಾಡಿದರೆ ಮಾತ್ರ, ಗೆದ್ದ ಮೇಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಇದನ್ನು ಮನೆಯಲ್ಲೇ ಮೊದಲು ಮಾತಾಡಿ ಮುಗಿಸಿಕೊಳ್ಳಿ.

"ಸಂಜೆ ಪ್ರಚಾರ ಮುಗಿಸಿ ಬರೋವಾಗ ಬೈಕಲ್ಲಿ ಹುಡುಗ್ರು ಹಿಂದೇ ಬರ್ತಾರೆ. ಮನೆಯಲ್ಲಿ ಹೇಳಿದ್ರೆ ನಿಲ್ಲೋದೇ ಬೇಡ ಅಂತಾರೆ."

ಹೇಳಬೇಡಿ ಅಂತ ನಾನು ಹೇಳಲಾರೆ. ಒಬ್ಬರಿಗಾದರೂ ಗೊತ್ತಿರಬೇಕು. ಬೈಕ್ ನಂಬರ್, ಜಾಗ, ಹೊತ್ತು ಅವತ್ತೇ ಬರೆದಿಡಿ. ಎರಡನೇ ಸಲ ಆದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಬೇಡ ಅಂದರೂ ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾಯ್ದೆ) 78ನೇ ಕಲಮಿನಲ್ಲಿ ಅಪರಾಧ. ಕತ್ತಲಾದ ಮೇಲೆ ನಾಲ್ಕೈದು ಜನ ಒಟ್ಟಿಗೇ ಇರಿ, ಕೊನೆಯವರು ಮನೆ ಸೇರಿದ ಮೇಲೆ ಒಂದು ಮೆಸೇಜ್ ಹಾಕುವ ರೂಢಿ ಇಟ್ಟುಕೊಳ್ಳಿ. ಇದೆಲ್ಲ ಗಂಡಸು ಅಭ್ಯರ್ಥಿಗೆ ಬೇಕಾಗುವುದಿಲ್ಲ ಅನ್ನೋದು ನನಗೂ ಸಿಟ್ಟು ತರಿಸುತ್ತದೆ.

"ಕಾಟ ಕೊಡೋರು ಎದುರು ಪಾರ್ಟಿಯವರಲ್ಲ, ನಮ್ಮವರೇ. ಆಗ ಏನು ಮಾಡೋದು?"

ಈ ಪ್ರಶ್ನೆಯೇ ಎಲ್ಲಕ್ಕಿಂತ ಜಾಸ್ತಿ ಬರುವುದು. ಅದೂ ಯಾರೂ ಇಲ್ಲದ ಹೊತ್ತು ನೋಡಿ ಕೇಳುತ್ತಾರೆ. ನಗರಸಭೆ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದರಿಂದ ಬಿ ಫಾರ್ಮ್, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡುವ ಪತ್ರ, ಯಾರ ಕೈಯಲ್ಲಿ ಇರುತ್ತದೋ ಅವರಿಗೆ ಅಧಿಕಾರ. 'ಬಿ ಫಾರ್ಮ್ ವಿಷಯ ಮಾತಾಡೋಣ, ರಾತ್ರಿ ಲಾಡ್ಜಿಗೆ ಬನ್ನಿ' ಅನ್ನುವವರು ಇದ್ದಾರೆ. ಅಷ್ಟು ನೇರವಾಗಿ ಅನ್ನದೆ, ವೇದಿಕೆಯ ಮೇಲೆ ಮೈಗೆ ತಾಗಿ ನಿಲ್ಲುವವರು, ಫೋಟೋ ನೆಪದಲ್ಲಿ ಹೆಗಲ ಮೇಲೆ ಕೈ ಹಾಕುವವರು, ಹನ್ನೊಂದು ಗಂಟೆ ರಾತ್ರಿಗೆ 'ಊಟ ಆಯ್ತಾ' ಅಂತ ಮೆಸೇಜ್ ಹಾಕುವವರು ಇನ್ನೂ ಜಾಸ್ತಿ.

ಟಿಕೆಟ್ ಮಾತು ಹಗಲು ಹೊತ್ತು, ಪಕ್ಷದ ಕಚೇರಿಯಲ್ಲೇ ಆಗಲಿ. ಜೊತೆಗೆ ಇನ್ನೊಬ್ಬರು ಇರಲಿ. 'ನಾಳೆ ಬೆಳಿಗ್ಗೆ ಕಚೇರಿಗೆ ಬರ್ತೇನೆ ಸರ್' ಅಂತ ಬರೆದೇ ತಿಳಿಸಿ. ಆಗ ಕರೆದದ್ದು ಎಲ್ಲಿಗೆ, ನೀವು ಹೋದದ್ದು ಎಲ್ಲಿಗೆ ಅನ್ನೋದಕ್ಕೆ ದಾಖಲೆ ಉಳಿಯುತ್ತದೆ. ಬಂದ ಮೆಸೇಜುಗಳನ್ನು ಅಳಿಸಬೇಡಿ, ಎಷ್ಟೇ ಅಸಹ್ಯ ಅನ್ನಿಸಲಿ.

ಪಕ್ಷದೊಳಗೆ ದೂರು ಕೊಡೋಕೆ ಕಚೇರಿಗಳಲ್ಲಿ ಇರುವಂಥ ಆಂತರಿಕ ಸಮಿತಿ ಇದೆಯಾ ಅಂತ ಕೇಳುತ್ತಾರೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದದ್ದು 2013ರಲ್ಲಿ. ಪಕ್ಷಕ್ಕೂ ಅದರ ಸದಸ್ಯರಿಗೂ ಮಾಲೀಕ, ನೌಕರ ಅನ್ನುವ ಸಂಬಂಧ ಇಲ್ಲ, ಹಾಗಾಗಿ ಪಕ್ಷಗಳು ಅಂಥ ಸಮಿತಿ ಮಾಡಬೇಕಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ನನ್ನ ಪ್ರಕಾರ ಇದು ದೊಡ್ಡ ಕೊರತೆ. ಊರಿಗೆ ಕಾಯ್ದೆ ಮಾಡುವವರು ತಮ್ಮ ಮನೆಯೊಳಗೂ ಒಂದು ಸಮಿತಿ ಇಟ್ಟುಕೊಳ್ಳಬೇಕಿತ್ತು. ಆದರೂ ಕೈ ಕಟ್ಟಿ ಕೂರಬೇಕಿಲ್ಲ. ಲೈಂಗಿಕ ಬೇಡಿಕೆ, ಬೇಡದ ಮುಟ್ಟುವಿಕೆ ನ್ಯಾಯ ಸಂಹಿತೆಯ 75ನೇ ಕಲಮಿಗೆ ಬರುತ್ತದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೆ ಪಕ್ಷದ ಒಪ್ಪಿಗೆ ಬೇಕಿಲ್ಲ.

"ನಾಮಪತ್ರ ವಾಪಸ್ ತಗೊಳ್ಳದಿದ್ರೆ ನಿನ್ನ ವಿಷಯ ಊರಿಗೆಲ್ಲ ಹೇಳ್ತೀವಿ ಅಂತ ಹೆದರಿಸ್ತಿದಾರೆ. ಇದು ಬರೀ ಬೆದರಿಕೆನಾ, ಅಪರಾಧನಾ?"

ಅಪರಾಧ. ನಿಲ್ಲುವುದು, ನಿಲ್ಲದಿರುವುದು, ಹಿಂದೆ ಸರಿಯುವುದು ಎಲ್ಲವೂ ಕಾಯ್ದೆ ಪ್ರಕಾರ ನಿಮ್ಮ 'ಚುನಾವಣಾ ಹಕ್ಕು'. ಅದರಲ್ಲಿ ಬೆದರಿಸಿ ಕೈ ಹಾಕಿದರೆ ನ್ಯಾಯ ಸಂಹಿತೆಯ 171ನೇ ಕಲಮಿನ ಅನುಚಿತ ಪ್ರಭಾವ. 174ರಲ್ಲಿ ಒಂದು ವರ್ಷದವರೆಗೆ ಶಿಕ್ಷೆ. 'ನಿನ್ನ ನಡತೆ ಬಗ್ಗೆ ಹೇಳ್ತೀವಿ' ಅಂತ ಹೆದರಿಸಿದರೆ ಇನ್ನೂ ಗಂಭೀರ. ಹೆಂಗಸಿನ ಶೀಲಕ್ಕೆ ಕಳಂಕ ಹಚ್ಚುವ ಬೆದರಿಕೆಗೆ 351ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಹೆದರಿಸಿದವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಾದರೆ ಅರ್ಧ ಜನ ಅಲ್ಲೇ ತಣ್ಣಗಾಗುತ್ತಾರೆ.

## ಮೊಬೈಲಿಗೆ ಬಂದ ಹೊಲಸು

"ಅಕ್ಕಾ, ನನ್ನ ಫೋಟೋ ಎಡಿಟ್ ಮಾಡಿ ವಾರ್ಡ್ ಗ್ರೂಪಿಗೆ ಹಾಕಿದಾರೆ. ಕೈಕಾಲೇ ಆಡ್ತಿಲ್ಲ. ಮೊದಲು ಏನು ಮಾಡ್ಲಿ?"

ಮೊದಲು ಯಾರನ್ನಾದರೂ ಹತ್ತಿರ ಕೂರಿಸಿಕೊಳ್ಳಿ. ಆಮೇಲೆ ಅಳಿಸುವ ಮೊದಲು ಹಿಡಿದಿಡಿ. ಗ್ರೂಪಿನ ಹೆಸರು, ಕಳಿಸಿದವರ ಪೂರ್ತಿ ನಂಬರ್, ತಾರೀಖು, ಹೊತ್ತು, ಫೋಟೋ, ಇಷ್ಟೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹೆಸರು ಸೇವ್ ಆಗಿದ್ದರೆ ಅದನ್ನು ಒತ್ತಿ ನಂಬರ್ ಕಾಣುವ ಪುಟದ್ದೂ ಒಂದು ತೆಗೆಯಿರಿ. ಅದಿಲ್ಲದ ಸ್ಕ್ರೀನ್‌ಶಾಟ್ ಠಾಣೆಯಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಫೋನಿನಿಂದ ಈ ಫೋನಿನ ಪರದೆಯ ವಿಡಿಯೋ ಮಾಡಿ, ಗ್ರೂಪನ್ನು ಮೇಲೆ ಕೆಳಗೆ ಸರಿಸಿ ತೋರಿಸಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಡಿಜಿಟಲ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಫೋನ್ ಕೈಯಲ್ಲಿದ್ದರೆ ಅದು ಸುಲಭ.

ಆಮೇಲೆ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ. ಹೆಂಗಸರ ಮೇಲಿನ ಇಂಥ ಅಪರಾಧವನ್ನು ಅಲ್ಲಿ ಹೆಸರು ಹೇಳದೆಯೂ ತಿಳಿಸಬಹುದು. ಕಾರವಾರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಅಲ್ಲಿಗೇ ಹೋಗಬೇಕು ಅಂತೇನಿಲ್ಲ, ನಿಮ್ಮ ಹತ್ತಿರದ ಠಾಣೆಯಲ್ಲೂ ದೂರು ತೆಗೆದುಕೊಳ್ಳಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಇದ್ದರೆ ಅಲ್ಲೇ ರಿಪೋರ್ಟ್ ಮಾಡಿ. ತಿದ್ದಿ ಮಾಡಿದ ಅಶ್ಲೀಲ ಚಿತ್ರದ ಬಗ್ಗೆ ದೂರು ಬಂದರೆ ತೆಗೆಯೋಕೆ 2021ರ ಐಟಿ ನಿಯಮಗಳು ಕಂಪನಿಗಳಿಗೆ 24 ಗಂಟೆಯ ಗಡುವು ಹಾಕಿದ್ದವು.

ಫೋಟೋ ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದೇ, ನಿಜದ್ದೇ ಅಂತ ಊರಿಗೆ ವಿವರಿಸೋಕೆ ಹೋಗಬೇಡಿ. ನಿಜದ್ದೇ ಆಗಿದ್ದರೂ ಹಂಚಿದವರದ್ದೇ ಅಪರಾಧ.

"ನಾನು ಬರೆದಿಲ್ಲ, ಮಾಡಿಲ್ಲ. ಸುಮ್ನೆ ಫಾರ್ವರ್ಡ್ ಮಾಡಿದ್ದು. ಅದೂ ತಪ್ಪಾ?"

ತಪ್ಪು. ಐಟಿ ಕಾಯ್ದೆಯ 67ನೇ ಕಲಮು ಪ್ರಕಟಿಸಿದವರನ್ನೂ ಕಳಿಸಿದವರನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಲೈಂಗಿಕ ಕ್ರಿಯೆ ಇರುವಂಥದ್ದಾದರೆ 67ಎ, ಐದು ವರ್ಷದವರೆಗೆ.

ಹಾಸನವನ್ನು ನೆನಪಿಸಿಕೊಳ್ಳಿ. 2024ರ ಲೋಕಸಭೆ ಚುನಾವಣೆಯ ಹೊತ್ತಿಗೆ ಅಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಹರಡಿದವು. ಆರೋಪಿ ಪ್ರಜ್ವಲ್ ರೇವಣ್ಣ ಆಗ ಅಲ್ಲಿನ ಸಂಸದ, ಅಭ್ಯರ್ಥಿ ಕೂಡ. 2025ರ ಆಗಸ್ಟಿನಲ್ಲಿ ಒಂದು ಅತ್ಯಾಚಾರ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದು ಕೋರ್ಟಿನ ಕೆಲಸ, ಆಯಿತು. ಆದರೆ ಮುಖ ಮರೆಸದ ಆ ವಿಡಿಯೋಗಳನ್ನು ಊರೂರಿಗೆ ದಾಟಿಸಿದವರು ಆ ಹೆಂಗಸರಿಗೆ ಮಾಡಿದ್ದೇನು? ತಮ್ಮ ಮೇಲೆ ಆದ ಅನ್ಯಾಯ ಅಕ್ಕಪಕ್ಕದವರ ಮೊಬೈಲಿನಲ್ಲಿ ಓಡುತ್ತಿದ್ದಾಗ ಅವರು ಹೇಗೆ ಹೊರಗೆ ಮುಖ ತೋರಿಸಬೇಕಿತ್ತು? ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಬೇರೆಯೇ ಅಪರಾಧ. ನಮ್ಮ ಶಿರಸಿ, ಕಾರವಾರದ ಮೊಬೈಲುಗಳಿಗೂ 'ಹಾಸನದ್ದು ಇದೆಯಾ' ಅನ್ನುವ ಮೆಸೇಜ್ ಬಂದಿತ್ತು. ಕೇಳಿದವರಲ್ಲಿ ಓದಿದವರೂ ಇದ್ದರು, ಮಗಳು ಇದ್ದವರೂ ಇದ್ದರು.

"ನಾನು ಗ್ರೂಪ್ ಅಡ್ಮಿನ್. ಬೇರೆಯವರು ಹಾಕಿದ್ದಕ್ಕೆ ನನ್ನ ಮೇಲೆ ಕೇಸ್ ಆಗುತ್ತಾ?"

ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಆಗುವುದಿಲ್ಲ. ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೀಗೆ ಹೇಳಿವೆ. ಆದರೆ ತೆಗೆದುಹಾಕುವ ಬಟನ್ ನಿಮ್ಮ ಕೈಯಲ್ಲಿದೆ. ಒತ್ತಿ.

"ಉತ್ತರ ಕೊಡ್ಬೇಕಾ, ಸುಮ್ನೆ ಇರ್ಬೇಕಾ?"

ಒಂದೇ ಸಲ ಕೊಡಿ. 'ಇದು ಸುಳ್ಳು. ದೂರು ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಚರಂಡಿ ನೋಡೋಕೆ ಎರಡನೇ ಅಡ್ಡರಸ್ತೆಗೆ ಬರ್ತೇನೆ.' ಇಷ್ಟು ಸಾಕು. ಗಂಡನ ಕೈಯಲ್ಲಿ 'ನನ್ನ ಹೆಂಡತಿ ಅಂಥವಳಲ್ಲ' ಅಂತ ಹೇಳಿಸಬೇಡಿ. ದೇವರ ಮುಂದೆ ಆಣೆ ಮಾಡುವ ಸವಾಲು ಬಂದರೆ ಹೋಗಬೇಡಿ. ಮಾರಿಕಾಂಬೆಯ ಮುಂದೆ ಆಣೆ ಮಾಡಿ ಅಂತ ಕರೆಯುವವರು ಗಂಡಸು ಅಭ್ಯರ್ಥಿಯನ್ನು ನಡತೆಯ ವಿಷಯಕ್ಕೆ ಎಂದೂ ಕರೆದಿಲ್ಲ. ಹೋದರೆ ನಿಮ್ಮ ನಡತೆಯೇ ಚುನಾವಣೆಯ ವಿಷಯ ಅಂತ ನೀವೇ ಒಪ್ಪಿದ ಹಾಗೆ.

ಮಾತು ಜಾಸ್ತಿ ಹರಡುವುದು ಬಹಿರಂಗ ಪ್ರಚಾರ ನಿಂತ ಮೇಲೆ, ಮತದಾನದ ಹಿಂದಿನ ರಾತ್ರಿ. ನಿಮಗೆ ಉತ್ತರ ಕೊಡೋಕೆ ಹೊತ್ತೇ ಇರುವುದಿಲ್ಲ. ಅದಕ್ಕೇ ಪ್ರತಿ ಓಣಿಯಲ್ಲಿ ಒಬ್ಬರಾದರೂ 'ನನಗೆ ಆಕೆ ಗೊತ್ತು, ಇದನ್ನ ನಂಬಬೇಡಿ' ಅನ್ನುವವರು ಇರಬೇಕು. ಅವರು ನಿಮ್ಮ ನೆಂಟರಾಗಿರದಿದ್ದರೆ ಇನ್ನೂ ಒಳ್ಳೆಯದು.

## ದೂರು, ಕೋರ್ಟು, ಆಮೇಲಿನದು

"ದೂರು ಯಾರಿಗೆ ಕೊಡೋದು? ಘಟ್ಟ ಇಳಿದು ಕಾರವಾರಕ್ಕೇ ಹೋಗ್ಬೇಕಾ?"

ನಗರಸಭೆ ಚುನಾವಣೆ ನಡೆಸುವುದು ದೆಹಲಿಯ ಆಯೋಗ ಅಲ್ಲ, ರಾಜ್ಯ ಚುನಾವಣಾ ಆಯೋಗ. ನೀತಿ ಸಂಹಿತೆಯ ದೂರನ್ನು ನಿಮ್ಮ ವಾರ್ಡಿನ ಚುನಾವಣಾಧಿಕಾರಿಗೆ ಬರೆದು ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಕಳಿಸಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಪರಾಧದ ದೂರು ಪೊಲೀಸ್ ಠಾಣೆಗೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 173ನೇ ಕಲಮಿನ ಪ್ರಕಾರ 'ನಮ್ಮ ಹದ್ದು ಅಲ್ಲ' ಅಂತ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಹಾಗಾಗಿ ಶಿರಸಿಯವರು ದೇವಿಮನೆ ಘಟ್ಟ ಇಳಿಯಬೇಕಿಲ್ಲ.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

"ವೇದಿಕೆ ಮೇಲಿಂದ ದೊಡ್ಡ ನಾಯಕರೇ ಹೊಲಸು ಮಾತಾಡಿದ್ರೆ ಯಾರು ಕೇಳ್ತಾರೆ?"

ಕೇಳಿದ ಉದಾಹರಣೆ ಇದೆ. ಜಯಪ್ರದಾ ಬಗ್ಗೆ ಆಡಿದ ಮಾತಿಗೆ 2019ರಲ್ಲಿ ಸಮಾಜವಾದಿ ಪಕ್ಷದ ಆಜಂ ಖಾನ್‌ಗೆ 72 ಗಂಟೆ, ಹೇಮಾ ಮಾಲಿನಿ ಬಗ್ಗೆ ಆಡಿದ್ದಕ್ಕೆ 2024ರಲ್ಲಿ ಕಾಂಗ್ರೆಸ್ಸಿನ ರಣದೀಪ್ ಸುರ್ಜೇವಾಲಾಗೆ 48 ಗಂಟೆ ಪ್ರಚಾರ ಮಾಡದಂತೆ ಭಾರತ ಚುನಾವಣಾ ಆಯೋಗ ತಡೆ ಹಾಕಿತ್ತು. ಸಾಕಾಗುವಷ್ಟು ಶಿಕ್ಷೆ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ಬೇರೆ ಬೇರೆ ಪಕ್ಷದವರ ಮೇಲೆ ಕ್ರಮ ಆಗಿದ್ದು, ಮಾತಿನ ವಿಡಿಯೋ ಕೈಯಲ್ಲಿ ಇದ್ದದ್ದರಿಂದ. ವಾರ್ಡಿನ ಸಭೆಯನ್ನೂ ಪೂರ್ತಿ ರೆಕಾರ್ಡ್ ಮಾಡಿಸಿ. ಹೆಂಗಸಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ ನ್ಯಾಯ ಸಂಹಿತೆಯ 79ನೇ ಕಲಮು ಇದೆ.

"ಸುಳ್ಳು ಸುದ್ದಿಯಿಂದಲೇ ಸೋತೆ. ಚುನಾವಣೆ ರದ್ದಾಗುತ್ತಾ?"

ಸುಲಭ ಅಲ್ಲ. ವಿಧಾನಸಭೆ, ಲೋಕಸಭೆಗಾದರೆ ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಹರಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ರಲ್ಲಿ ಭ್ರಷ್ಟ ಆಚರಣೆ. ಗೆದ್ದವರು, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು ಹರಡಿದ್ದು ಅಂತ ಸಾಬೀತು ಮಾಡಬೇಕು. ನಗರಸಭೆಯ ತಕರಾರು ಅರ್ಜಿಗೆ 1964ರ ಪುರಸಭೆಗಳ ಕಾಯ್ದೆಯಲ್ಲಿ ದಾರಿ ಇದೆ, ಆದರೆ ಗಡುವು ಕಡಿಮೆ. ಫಲಿತಾಂಶ ಬಂದ ವಾರವೇ ವಕೀಲರನ್ನು ಕಾಣಿ. ಮತ ಫಲಿತಾಂಶ ಬದಲಾಗದಿದ್ದರೂ ನ್ಯಾಯ ಸಂಹಿತೆಯ 175 ಮತ್ತು 356ರಲ್ಲಿ, ಅಂದರೆ ಚುನಾವಣಾ ಸುಳ್ಳು ಹೇಳಿಕೆ ಮತ್ತು ಮಾನಹಾನಿಗೆ, ಹಾಕಿದವರ ಮೇಲೆ ದಾವೆ ಹೂಡಬಹುದು.

"ಎದುರಾಳಿ ಹೆಂಗಸಿನ ಒಂದು ವಿಡಿಯೋ ನಮ್ಮ ಹುಡುಗ್ರ ಕೈಗೆ ಸಿಕ್ಕಿದೆ. ಅವರೂ ನಮಗೆ ಮಾಡಿದ್ರಲ್ಲ. ಬಿಡ್ಬಹುದಾ?"

ಬೇಡ. ಅವತ್ತೇ ಹುಡುಗರ ಫೋನಿನಿಂದ ತೆಗೆಸಿ. ಯಾರೂ ಹಂಚಬಾರದು ಅಂತ ಗ್ರೂಪಿನಲ್ಲಿ ನೀವೇ ಬರೆಯಿರಿ, ನಿಮ್ಮ ಹೆಸರಿನಲ್ಲೇ. ಆಕೆಗೆ ಒಂದು ಫೋನ್ ಮಾಡಿ, 'ಅಕ್ಕಾ, ಹೀಗೊಂದು ಓಡಾಡ್ತಿದೆ, ನಮ್ಮ ಕಡೆಯಿಂದ ಹೋಗಲ್ಲ, ನೀವು ದೂರು ಕೊಡಿ' ಅನ್ನಿ. ಹೀಗೆ ಮಾಡಿದವರು ಇದ್ದಾರೆ. ಎರಡು ಪಕ್ಷದ ಹೆಂಗಸರು ಸೇರಿ ಒಂದೇ ಠಾಣೆಗೆ ಹೋಗಿ ಕೂತರೆ ಆ ವಿಡಿಯೋ ಇಟ್ಟುಕೊಂಡವನಿಗೆ ಕಾಯಲು ಯಾವ ಪಕ್ಷವೂ ಉಳಿಯುವುದಿಲ್ಲ.

"ಗೆದ್ದೆ. ಈಗ ಸಭೆಯಲ್ಲಿ ಬಾಯಿ ಬಿಡೋಕೇ ಬಿಡಲ್ಲ. ಎದ್ದು ನಿಂತ್ರೆ ಹಿಂದಿನಿಂದ ನಗ್ತಾರೆ."

ಪ್ರಶ್ನೆಯನ್ನು ಮೊದಲೇ ಬರೆದು ಪೌರಾಯುಕ್ತರ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಸಭೆಯಲ್ಲಿ ನಕ್ಕರೆ, ಅಡ್ಡ ಮಾತಾಡಿದರೆ, ಆ ಮಾತನ್ನು ಅಧ್ಯಕ್ಷರ ಕಡೆ ತಿರುಗಿ ಹಾಗೇ ಹೇಳಿ, 'ಇದು ನಡಾವಳಿಯಲ್ಲಿ ದಾಖಲಾಗಲಿ' ಅನ್ನಿ. ಮುಂದಿನ ಸಭೆಯಲ್ಲಿ ನಡಾವಳಿ ಓದುವಾಗ ಇದೆಯಾ ನೋಡಿ. ಇಲ್ಲದಿದ್ದರೆ ಬರಹದಲ್ಲಿ ಆಕ್ಷೇಪ ಕೊಡಿ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಕೊಡಬೇಕು. ಬೇರೆ ಪಕ್ಷದ ಮಹಿಳಾ ಮೆಂಬರುಗಳ ಜೊತೆ ಸಭೆಗೆ ಮುಂಚೆ ಅರ್ಧ ಗಂಟೆ ಕೂತು, ಒಬ್ಬರು ಎದ್ದು ನಿಂತಾಗ ಇನ್ನೊಬ್ಬರು 'ಅವರ ಮಾತು ಮುಗೀಲಿ' ಅನ್ನಬೇಕು ಅಂತ ಒಪ್ಪಂದ ಮಾಡಿಕೊಳ್ಳಿ.